ಗಾಯಕ್ಕೂ ಒಂದು ತಾರೀಖು ಬೇಕು

ಬೀದರ್, ಕಲಬುರಗಿ, ರಾಯಚೂರು ಕಡೆಯ ಹಳೆಯ ತಲೆಮಾರಿನವರು ತಮ್ಮ ವಯಸ್ಸನ್ನು ಇಸವಿಯಲ್ಲಿ ಹೇಳುತ್ತಿದ್ದುದು ಕಡಿಮೆ. 'ಪೊಲೀಸ್ ಆಕ್ಷನ್ ಆದಾಗ ನಾನು ಎಮ್ಮೆ ಮೇಯಿಸುತ್ತಿದ್ದೆ', 'ಪೊಲೀಸ್ ಆಕ್ಷನ್‌ಗೆ ಎರಡು ವರ್ಷ ಮೊದಲು ನಮ್ಮಣ್ಣ ಹುಟ್ಟಿದ' ಎಂದೇ ಅವರ ಲೆಕ್ಕ. ಹಿಂದೂಗಳೂ ಹೀಗೇ ಹೇಳುತ್ತಿದ್ದರು, ಮುಸ್ಲಿಮರೂ ಹೀಗೇ ಹೇಳುತ್ತಿದ್ದರು. ಆದರೆ 'ಆಗ ಏನಾಯಿತು?' ಎಂದು ಮುಂದಿನ ಪ್ರಶ್ನೆ ಕೇಳಿದರೆ ಮಾತು ನಿಂತುಹೋಗುತ್ತಿತ್ತು. ಇಡೀ ಬದುಕಿನ ಲೆಕ್ಕವನ್ನೇ ಒಂದು ಘಟನೆಯಿಂದ ಅಳೆಯುವ ಜನ ಆ ಘಟನೆಯ ಬಗ್ಗೆ ಮಾತ್ರ ಯಾಕೆ ಬಾಯಿ ಬಿಡುವುದಿಲ್ಲ? ಈ ಪ್ರಶ್ನೆಗೆ ಇತಿಹಾಸದ ಪುಸ್ತಕದಲ್ಲಿ ಅರ್ಧ ಉತ್ತರವಿದೆ. ಉಳಿದರ್ಧ ವೈದ್ಯಶಾಸ್ತ್ರದ ಪುಸ್ತಕದಲ್ಲಿದೆ.

ಮೊದಲು ಇತಿಹಾಸ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಸೇನೆಯ ಕಡತದಲ್ಲಿ ಇದರ ಹೆಸರು 'ಆಪರೇಷನ್ ಪೋಲೋ'. ಜನರ ಬಾಯಲ್ಲಿ 'ಪೊಲೀಸ್ ಆಕ್ಷನ್'. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬಿದ್ದು ಕೊಲೆ, ಸುಲಿಗೆ ನಡೆಸಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ, ಮರೆಯಬೇಕೆಂದು ಹೇಳುವ ಹಕ್ಕೂ ಯಾರಿಗೂ ಇಲ್ಲ. ಸೆಪ್ಟೆಂಬರ್ ನಂತರ ಸೇಡಿನ ಸರದಿ ಬಂತು. ರಜಾಕಾರರ ಪಾಪಕ್ಕೆ ಅವರ ಮುಖವನ್ನೇ ಕಾಣದ ಬಡ ಮುಸ್ಲಿಂ ರೈತರು, ನೇಕಾರರು, ಸಣ್ಣ ನೌಕರರು ಬೆಲೆ ತೆತ್ತರು. ಕೇಂದ್ರ ಸರಕಾರವೇ ಕಳುಹಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ 1948ರ ಕೊನೆಯಲ್ಲಿ ಈ ಜಿಲ್ಲೆಗಳನ್ನು ಸುತ್ತಿತು. ಪೊಲೀಸ್ ಆಕ್ಷನ್ ಸಮಯದಲ್ಲಿ ಮತ್ತು ಅದರ ನಂತರ ಕನಿಷ್ಠ 27,000ದಿಂದ 40,000 ಜನ ಸತ್ತಿರಬೇಕೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಗುರುತಿಸಿದವುಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ನಮ್ಮ ಬೀದರ್, ಗುಲ್ಬರ್ಗಗಳೂ ಇದ್ದವು. ಹೆಣಗಳಿಂದ ತುಂಬಿದ ಬಾವಿಗಳನ್ನು ನೋಡಿದ್ದಾಗಿ ಸಮಿತಿ ಬರೆಯಿತು. ಆ ವರದಿ ಆಗ ಪ್ರಕಟವಾಗಲಿಲ್ಲ. ಸಾರ್ವಜನಿಕವಾಗಿ ಓದಲು ಸಿಕ್ಕಿದ್ದು 2013ರಲ್ಲಿ, ಅಂದರೆ 65 ವರ್ಷಗಳ ಮೇಲೆ.

ಇತಿಹಾಸ ಸತ್ತವರನ್ನು ಎಣಿಸುತ್ತದೆ. ಬದುಕಿ ಉಳಿದವರ ಕಥೆ ಏನು? ನಮ್ಮ ಮನೆಯಲ್ಲಿ ನನ್ನ ದಾದಿ ಇದ್ದರು. ಓಣಿಯಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ಮಾಡುತ್ತಿದ್ದ ಅಡುಗೆ ಬಿಟ್ಟು ಮಕ್ಕಳನ್ನೆಲ್ಲ ಒಳಕೋಣೆಗೆ ತಳ್ಳಿ ಚಿಲಕ ಹಾಕುತ್ತಿದ್ದರು. ಬಾವಿಗೆ ಅವರು ಎಂದೂ ಬಗ್ಗಿ ನೋಡಿದವರಲ್ಲ, ನೀರು ಯಾರಾದರೂ ಸೇದಿ ಕೊಡಬೇಕಿತ್ತು. 'ಅವರಿಗೆ ಸ್ವಲ್ಪ ಭಯ ಜಾಸ್ತಿ' ಎಂದು ಮನೆಯವರು ನಗುತ್ತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಇಂಥ ದಾದಿ, ನಾನಿ, ಅಜ್ಜಿಯರು ಆ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಇದ್ದರು.

ಇದನ್ನು ಇಂದಿನ ವೈದ್ಯರು ಮಾನಸಿಕ ಆಘಾತ ಎನ್ನುತ್ತಾರೆ. ಇಂಗ್ಲಿಷಿನ 'ಟ್ರಾಮಾ' ಎಂಬ ಶಬ್ದ ಗಾಯ ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಸಾಮಾನ್ಯ ನೆನಪಿಗೂ ಆಘಾತದ ನೆನಪಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಾಮಾನ್ಯ ನೆನಪಿಗೆ ಕಾಲ, ಸ್ಥಳ, ಆದಿ, ಅಂತ್ಯ ಇರುತ್ತವೆ. ಮದುವೆ ಆದದ್ದು ಇಂಥ ವರ್ಷ, ಅದು ಮುಗಿಯಿತು ಎಂದು ಮನಸ್ಸಿಗೆ ಗೊತ್ತು. ಪ್ರಾಣಭಯದ ಹೊತ್ತಿನಲ್ಲಿ ಮಿದುಳಿನ ಎಚ್ಚರಿಕೆಯ ಭಾಗ ಎಷ್ಟು ಜೋರಾಗಿ ಗಂಟೆ ಬಾರಿಸುತ್ತದೆಂದರೆ, ನಡೆದುದನ್ನು ಕ್ರಮವಾಗಿ ಜೋಡಿಸಿ ಇಡುವ ಕೆಲಸ ಕೆಡುತ್ತದೆ. ಒಂದು ಸದ್ದು, ಒಂದು ವಾಸನೆ, ಒಂದು ಕಿರುಚಾಟ ಹೀಗೆ ಚೂರು ಚೂರಾಗಿ ಉಳಿಯುತ್ತದೆ. ಆ ಚೂರಿಗೆ ತಾರೀಖು ಇರುವುದಿಲ್ಲ. ಆದುದರಿಂದ ಮೂವತ್ತು ವರ್ಷದ ನಂತರ ಅದೇ ಸದ್ದು ಕೇಳಿದಾಗ ದೇಹ ಅದನ್ನು ನೆನಪು ಎಂದು ತಿಳಿಯದೆ ಈಗ ನಡೆಯುತ್ತಿದೆ ಎಂದೇ ತಿಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಕೈ ಚಿಲಕದ ಕಡೆಗೆ ಹೋಗುತ್ತದೆ. ರಾತ್ರಿ ಕೆಟ್ಟ ಕನಸು, ಹಗಲು ಸಣ್ಣ ಶಬ್ದಕ್ಕೂ ಬೆಚ್ಚಿ ಬೀಳುವುದು, ಘಟನೆಯನ್ನು ನೆನಪಿಸುವ ಜಾಗದಿಂದ, ಮಾತಿನಿಂದ ದೂರ ಓಡುವುದು, ಯಾರ ಮೇಲೂ ಪ್ರೀತಿ ಉಕ್ಕದಿರುವುದು ಇದರ ಲಕ್ಷಣಗಳು. ಆಘಾತ ಅನುಭವಿಸಿದ ಎಲ್ಲರೂ ಹೀಗಾಗುವುದಿಲ್ಲ. ಹೆಚ್ಚಿನವರು ಮನೆಮಂದಿ, ಕೆಲಸ, ಪ್ರಾರ್ಥನೆ, ಕಾಲ ಇವುಗಳ ಬಲದಿಂದ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳಲಾಗದವರು ದುರ್ಬಲರೂ ಅಲ್ಲ, ಈಮಾನ್ ಕಡಿಮೆ ಇರುವವರೂ ಅಲ್ಲ.

ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂಬ ತಿಳಿವು ಪಶ್ಚಿಮದಿಂದ ನಿನ್ನೆ ಮೊನ್ನೆ ಬಂದದ್ದೆಂದು ನಮ್ಮಲ್ಲಿ ಅನೇಕರ ನಂಬಿಕೆ. ಬಲ್ಖ್ ಪ್ರದೇಶದಲ್ಲಿ ಹುಟ್ಟಿ 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಅರಬಿಯಲ್ಲಿ ಬರೆದ ಒಂದು ಗ್ರಂಥಕ್ಕೆ 'ಮಸಾಲಿಹ್ ಅಲ್ ಅಬ್‌ದಾನ್ ವಲ್ ಅನ್‌ಫುಸ್' ಎಂದು ಹೆಸರು. ದೇಹಗಳ ಮತ್ತು ಮನಸ್ಸುಗಳ ಪೋಷಣೆ ಎಂದು ಅರ್ಥ. ಅದರಲ್ಲಿ ಒಂದು ಭಾಗ ದೇಹದ ಆರೋಗ್ಯಕ್ಕೆ, ಇನ್ನೊಂದು ಭಾಗ ಮನಸ್ಸಿನ ಆರೋಗ್ಯಕ್ಕೆ ಮೀಸಲು. ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಯೋಚನೆ ಎಂದು ಅವರು ಮನಸ್ಸಿನ ತೊಂದರೆಗಳನ್ನು ವಿಂಗಡಿಸಿದರು. ಮನೆಯಲ್ಲಿ ಔಷಧಿಯನ್ನು ಮೊದಲೇ ತಂದಿಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಧೈರ್ಯದ ಯೋಚನೆಗಳನ್ನು ಕೂಡಿಟ್ಟುಕೊಂಡು ಸಂಕಟದ ಹೊತ್ತಿಗೆ ಬಳಸಬೇಕೆಂದು ಸಲಹೆ ಕೊಟ್ಟರು. ದಮಾಸ್ಕಸ್‌ನಲ್ಲಿ 1154ರಲ್ಲಿ, ಕೈರೋದಲ್ಲಿ 1284ರಲ್ಲಿ ಕಟ್ಟಿದ ದೊಡ್ಡ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಜಾಗವಿತ್ತು. 1488ರಲ್ಲಿ ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಬಾಯಝೀದ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಸಂಗೀತ, ನೀರಿನ ಸದ್ದು, ಹೂವಿನ ಪರಿಮಳ ಇವೂ ಚಿಕಿತ್ಸೆಯ ಭಾಗವಾಗಿದ್ದವು. ಈ ಆಸ್ಪತ್ರೆಗಳಲ್ಲಿ ಉಗ್ರ ರೋಗಿಗಳಿಗೆ ಸರಪಳಿಯೂ ಇತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೂ ರೋಗಿಯನ್ನು ಪಾಪಿ ಎನ್ನದೆ ರೋಗಿ ಎಂದು ನೋಡಿದ ಪರಂಪರೆ ಒಂದು ನಮಗಿತ್ತು. ಅದನ್ನು ನಾವೇ ಮರೆತೆವು.

ಒಂದು ಭೀಕರ ಘಟನೆ ಆರೋಗ್ಯವಂತನ ಮನಸ್ಸನ್ನೂ ಮುರಿಯಬಲ್ಲದು ಎಂಬುದನ್ನು ಆಧುನಿಕ ಜಗತ್ತು ಒಪ್ಪಿದ್ದು ಮೊದಲ ಮಹಾಯುದ್ಧದಲ್ಲಿ, ಅದೂ ತಡವಾಗಿ. ಕಂದಕಗಳಲ್ಲಿ ತಿಂಗಳುಗಟ್ಟಲೆ ಕುಳಿತು ಶೆಲ್ ದಾಳಿ ಎದುರಿಸಿದ ಸೈನಿಕರು ಮೈಯಲ್ಲಿ ಒಂದು ಗಾಯವೂ ಇಲ್ಲದೆ ಮೂಕರಾದರು, ಕುರುಡರಾದರು, ನಡುಗತೊಡಗಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 'ಶೆಲ್ ಶಾಕ್' ಎಂಬ ಹೆಸರನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲಿ ಇಂಥ ಸುಮಾರು 80,000 ಪ್ರಕರಣಗಳಿದ್ದವು. ಹೇಡಿತನ, ಓಡಿಹೋಗುವಿಕೆ ಮುಂತಾದ ಆರೋಪದ ಮೇಲೆ 306 ಸೈನಿಕರನ್ನು ಅವರದೇ ಸೇನೆ ಗುಂಡಿಟ್ಟು ಕೊಂದಿತು. ಅವರಲ್ಲಿ ಎಷ್ಟೋ ಮಂದಿ ಕಾಯಿಲೆಯವರು. ಬ್ರಿಟಿಷ್ ಸರಕಾರ ಅವರಿಗೆ ಕ್ಷಮೆ ಕೊಟ್ಟದ್ದು 2006ರಲ್ಲಿ.

ಅದೇ ಕಾಲದಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ವೈದ್ಯರಿದ್ದರು. ಬೇರೆಯವರು ಸೈನಿಕರಿಗೆ ವಿದ್ಯುತ್ ಆಘಾತ ಕೊಡುತ್ತಿದ್ದಾಗ, ಅದೆಲ್ಲ ಮರೆತುಬಿಡು ಎಂದು ಬುದ್ಧಿ ಹೇಳುತ್ತಿದ್ದಾಗ, ಅವರು ಎದುರಿಗೆ ಕುಳಿತು ಕೇಳಿದರು. ಮರೆಯಲು ಯತ್ನಿಸುವುದೇ ಕಾಯಿಲೆಯನ್ನು ಬೆಳೆಸುತ್ತದೆ ಎಂದು 1917ರಲ್ಲಿ ಒಂದು ಉಪನ್ಯಾಸದಲ್ಲಿ ಹೇಳಿದರು. ಅದರಲ್ಲಿ ಒಬ್ಬ ಅಧಿಕಾರಿಯ ಕಥೆ ಬರುತ್ತದೆ. ಶೆಲ್ ಬಿದ್ದು ಛಿದ್ರವಾದ ಗೆಳೆಯನ ದೇಹ ಪ್ರತಿ ರಾತ್ರಿ ಆತನ ಕನಸಿನಲ್ಲಿ ಬರುತ್ತಿತ್ತು. ರಿವರ್ಸ್ ಆ ದೃಶ್ಯವನ್ನು ಮರೆಸಲು ಹೋಗಲಿಲ್ಲ. ದೇಹ ಆ ಸ್ಥಿತಿಯಲ್ಲಿತ್ತು ಎಂದರೆ ನಿನ್ನ ಗೆಳೆಯ ಆ ಕ್ಷಣದಲ್ಲೇ ಸತ್ತ, ನರಳಲಿಲ್ಲ ಎಂದು ತೋರಿಸಿಕೊಟ್ಟರು. ಕೆಲವು ರಾತ್ರಿ ಕನಸು ಬೀಳಲಿಲ್ಲ. ಮತ್ತೆ ಬಿದ್ದಾಗ ಅದರಲ್ಲಿ ಗೆಳೆಯನ ಪಕ್ಕ ಮಂಡಿಯೂರಿ ಆತನ ವಸ್ತುಗಳನ್ನು ತೆಗೆದುಕೊಳ್ಳುತ್ತಿದ್ದ. ಭಯದ ಜಾಗದಲ್ಲಿ ದುಃಖವಿತ್ತು. ದುಃಖವನ್ನು ಮನುಷ್ಯ ಹೊರಬಲ್ಲ.

ಆ ಪಾಠವನ್ನು ಜಗತ್ತು ಮತ್ತೆ ಮರೆಯಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಗುಂಪಾಗಿ ಕುಳಿತು ತಮ್ಮ ಕಥೆಗಳನ್ನು ತಾವೇ ಹೇಳಿಕೊಳ್ಳಲು ತೊಡಗಿದರು. 1974ರಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಇಬ್ಬರು ಮಹಿಳೆಯರು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳ ಮಾತು ಕೇಳಿ, ಅವರಲ್ಲೂ ಸೈನಿಕರಂಥದೇ ಲಕ್ಷಣಗಳನ್ನು ದಾಖಲಿಸಿದರು. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂಬುದನ್ನು ಅಧಿಕೃತ ಪಟ್ಟಿಗೆ ಸೇರಿಸಿತು. ವೈದ್ಯರು ಒಪ್ಪುವ ಮೊದಲು ನೊಂದವರು ಮಾತಾಡಬೇಕಾಯಿತು ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಅದಕ್ಕೂ ಮೂರು ದಶಕ ಮೊದಲು, 1947ರಲ್ಲಿ, ಲಕ್ಷಾಂತರ ಜನ ಸತ್ತರು, ಕೋಟಿಗಿಂತ ಹೆಚ್ಚು ಜನ ಮನೆ ಬಿಟ್ಟರು. ಆಗ ವೈದ್ಯಶಾಸ್ತ್ರ ಏನು ಮಾಡುತ್ತಿತ್ತು? ಹೆಚ್ಚುಕಡಿಮೆ ಮೌನವಾಗಿತ್ತು. ಎರಡೂ ಸರಕಾರಗಳು ಮಾಡಿದ ಒಂದು ಕೆಲಸವೆಂದರೆ ಹುಚ್ಚಾಸ್ಪತ್ರೆಗಳ ರೋಗಿಗಳನ್ನೂ ಧರ್ಮದ ಲೆಕ್ಕದಲ್ಲಿ ಹಂಚಿಕೊಂಡದ್ದು. 1950ರಲ್ಲಿ ಲಾಹೋರಿನಿಂದ 450 ಹಿಂದೂ, ಸಿಖ್ ರೋಗಿಗಳನ್ನು ಭಾರತಕ್ಕೆ ತಂದರು, ಇಲ್ಲಿನ ಮುಸ್ಲಿಂ ರೋಗಿಗಳನ್ನು ಅಲ್ಲಿಗೆ ಕಳಿಸಿದರು. ಸಾದತ್ ಹಸನ್ ಮಂಟೋ ಅವರ 'ಟೋಬಾ ಟೇಕ್ ಸಿಂಗ್' ಕಥೆ ಉರ್ದು ಬಲ್ಲವರಿಗೆಲ್ಲ ಗೊತ್ತು, ಕನ್ನಡದ ಓದುಗರಿಗೂ ಪರಿಚಿತ. ಅದು ಬರೀ ಕಲ್ಪನೆಯಲ್ಲ. ಸ್ವತಃ ಮಂಟೋ ಕುಡಿತದ ಚಿಕಿತ್ಸೆಗಾಗಿ ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿ ಇದ್ದು ಬಂದವರು. ಅಪಹರಣಕ್ಕೆ ಒಳಗಾದ ಹೆಣ್ಣುಮಕ್ಕಳಿಗಾಗಿ 1949ರಲ್ಲಿ ಕಾನೂನು ಬಂತು. ಎರಡೂ ಕಡೆ ಸೇರಿ ಸುಮಾರು 30,000 ಮಹಿಳೆಯರನ್ನು ಪತ್ತೆ ಹಚ್ಚಿ ಅವರವರ ದೇಶಕ್ಕೆ ಸಾಗಿಸಿದರು. ನಿನಗೆ ಎಲ್ಲಿರಲು ಇಷ್ಟ ಎಂದು ಅವರನ್ನು ಕೇಳುವ ನಿಯಮ ಆ ಕಾನೂನಿನಲ್ಲಿ ಇರಲಿಲ್ಲ. ಊರ್ವಶಿ ಬುಟಾಲಿಯಾ, ರಿತು ಮೆನನ್, ಕಮಲಾ ಭಸೀನ್ ಈ ಮಹಿಳೆಯರ ಮಾತುಗಳನ್ನು ಸಂಗ್ರಹಿಸಿದ ಪುಸ್ತಕಗಳು ಬಂದದ್ದು 1998ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸಂಜೀವ್ ಜೈನ್ ಮತ್ತು ದೆಹಲಿಯ ಡಾ. ಅಲೋಕ್ ಸರೀನ್ ವಿಭಜನೆಯ ಮಾನಸಿಕ ಪರಿಣಾಮದ ಬಗ್ಗೆ ಪುಸ್ತಕ ಸಂಪಾದಿಸಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಹೇಳಬೇಕಾದವರಲ್ಲಿ ಹೆಚ್ಚಿನವರು ಮಣ್ಣಾಗಿದ್ದರು.

ನಿಮ್ಹಾನ್ಸ್ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಭಾರತದಲ್ಲಿ ಆಘಾತದ ಚಿಕಿತ್ಸೆ ಬೆಳೆದ ಕಥೆಯಲ್ಲಿ ನಮ್ಮ ಬೆಂಗಳೂರಿಗೆ ದೊಡ್ಡ ಪಾಲಿದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಕುಟುಂಬಗಳ ದುಃಖವನ್ನು ನಿಮ್ಹಾನ್ಸ್ ವೈದ್ಯರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, ಮನೋವೈದ್ಯರಲ್ಲದ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು. ಗುಜರಾತಿನಲ್ಲಿ 2002ರ ಹಿಂಸೆಯ ನಂತರ ನಿಮ್ಹಾನ್ಸ್ ತಂಡ ಪರಿಹಾರ ಶಿಬಿರಗಳ ಸಾಮಾನ್ಯ ಕಾರ್ಯಕರ್ತರಿಗೂ ಈ ವಿದ್ಯೆ ಕಲಿಸಿತು. ಅವರು ಹೇಳಿಕೊಟ್ಟ ಸೂತ್ರಗಳು ಸರಳ: ನೊಂದವರಿಗೆ ಮನಸ್ಸು ಬಿಚ್ಚಲು ಅವಕಾಶ ಕೊಡಬೇಕು, ಗಮನವಿಟ್ಟು ಕೇಳಬೇಕು, ಅವರ ಜಾಗದಲ್ಲಿ ನಿಂತು ನೋಡಬೇಕು, ನೆರೆಹೊರೆಯ ಆಸರೆ ಒದಗಿಸಬೇಕು, ಯಾವುದಾದರೂ ಕೆಲಸದಲ್ಲಿ ತೊಡಗಿಸಬೇಕು, ವಿಶ್ರಾಂತಿ ಮತ್ತು ಆಟಕ್ಕೆ ಎಡೆ ಇರಬೇಕು, ಅವರ ಧರ್ಮಶ್ರದ್ಧೆಗೆ ಬೆಂಬಲವಿರಬೇಕು. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ. ಮನೋವೈದ್ಯರ ಬಳಿ ಹೋದರೆ ನಮಾಜ್ ಬಿಡಿಸುತ್ತಾರೆ ಎಂದು ಹೆದರುವವರು ಇದನ್ನು ತಿಳಿಯಬೇಕು.

ತೀವ್ರವಾಗಿ ನೊಂದವರಿಗೆ ಇಷ್ಟೇ ಸಾಲದು, ತರಬೇತಾದ ಚಿಕಿತ್ಸಕರು ಬೇಕು. ಅವರು ಏನು ಮಾಡುತ್ತಾರೆ? ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಮೂರು ಮೆಟ್ಟಿಲು ಹೇಳಿದರು. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಶೋಕ, ಕೊನೆಗೆ ಜನರೊಡನೆ ಮತ್ತೆ ಬೆರೆಯುವುದು. ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಹೋಗುವಂತಿಲ್ಲ. ದುರಂತ ನಡೆದ ಮರುದಿನವೇ ಹೋಗಿ ಏನಾಯಿತು ಹೇಳು ಎಂದು ಒಂದೇ ಸಲಕ್ಕೆ ಎಲ್ಲವನ್ನೂ ಬಾಯಿ ಬಿಡಿಸುವುದರಿಂದ ಕಾಯಿಲೆ ತಪ್ಪುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಮೈಕು ಹಿಡಿದು ಓಡುವ ಟಿವಿಯವರು ಇದನ್ನು ಓದಿದರೆ ಒಳ್ಳೆಯದು. ಭದ್ರವಾದ ಜಾಗದಲ್ಲಿ, ನಂಬಿಕೆ ಹುಟ್ಟಿದ ಮೇಲೆ, ನೊಂದವರ ಇಷ್ಟದ ವೇಗದಲ್ಲಿ ನೆನಪಿನ ಚೂರುಗಳನ್ನು ಒಂದೊಂದಾಗಿ ಎತ್ತಿ ಜೋಡಿಸಲಾಗುತ್ತದೆ. ನಿರಾಶ್ರಿತರಿಗಾಗಿ ಜರ್ಮನಿಯ ಮನೋವಿಜ್ಞಾನಿಗಳು ರೂಪಿಸಿದ ಒಂದು ವಿಧಾನದಲ್ಲಿ ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಹಗ್ಗವೆಂದರೆ ಆಯುಷ್ಯ. ಸಂತೋಷದ ಘಟನೆಗೆ ಒಂದು ಹೂವು, ಸಂಕಟದ ಘಟನೆಗೆ ಒಂದು ಕಲ್ಲು ಇಡುತ್ತಾ ಹೋಗಬೇಕು. ಮುಂದಿನ ಭೇಟಿಗಳಲ್ಲಿ ಒಂದೊಂದು ಕಲ್ಲಿನ ಹತ್ತಿರ ನಿಂತು ಅದು ಯಾವ ಊರು, ಯಾವ ವರ್ಷ, ಯಾರಿದ್ದರು, ಏನು ಕೇಳಿಸಿತು, ಹೇಗೆ ಮುಗಿಯಿತು ಎಂದು ಹೇಳಬೇಕು. ಚಿಕಿತ್ಸಕರು ಬರೆದುಕೊಳ್ಳುತ್ತಾರೆ. ಕೊನೆಗೆ ಪೂರ್ತಿ ಕಥೆಯನ್ನು ಓದಿ ಹೇಳಿ ಅವರ ಕೈಗೇ ಕೊಡುತ್ತಾರೆ. ಕಲ್ಲು ಮಾಯವಾಗುವುದಿಲ್ಲ. ಆದರೆ ಅದು ಹಗ್ಗದ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ. ಗಾಯಕ್ಕೆ ತಾರೀಖು ಸಿಗುವುದು ಎಂದರೆ ಇದೇ.

ನಮ್ಮ ಸಮುದಾಯ ಇದನ್ನು ಒಪ್ಪಲು ಯಾಕೆ ಹಿಂಜರಿಯುತ್ತದೆ? ಬೆಚ್ಚಿ ಬೀಳುವ ಹೆಣ್ಣುಮಗಳಿಗೆ ಜಿನ್ನ್ ಹಿಡಿದಿದೆ ಎನ್ನುತ್ತೇವೆ. ಅಳುವ ಗಂಡಸಿಗೆ ಸಬರ್ ಇಲ್ಲ ಎನ್ನುತ್ತೇವೆ. ಪ್ರವಾದಿ ಯಾಕೂಬ್(ಅ) ಮಗನ ಅಗಲಿಕೆಯಿಂದ ಅತ್ತು ಕಣ್ಣು ಕಳೆದುಕೊಂಡ ವಿಷಯ ಪವಿತ್ರ ಕುರ್‌ಆನ್‌ನಲ್ಲಿದೆ, ಅವರ ಸಹನೆಯನ್ನು ಅದೇ ಅಧ್ಯಾಯ ಮೆಚ್ಚಿ ಹೇಳುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದರು. ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂ ತಾಲಿಬ್ ಅಗಲಿದ ವರ್ಷವನ್ನು ಇತಿಹಾಸಕಾರರು ದುಃಖದ ವರ್ಷ ಎಂದೇ ಕರೆದಿದ್ದಾರೆ. ಕಾಯಿಲೆಗೆ ಔಷಧಿ ಮಾಡಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ, ಮನಸ್ಸಿನ ಕಾಯಿಲೆಯನ್ನು ಅದರಿಂದ ಹೊರಗಿಟ್ಟಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಒಂದು ಚಪ್ಪರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮನೋರೋಗಿಗಳು ಓಡಲಾಗದೆ ಸುಟ್ಟು ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದವರು ಶತ್ರುಗಳಲ್ಲ, ಬೇರೆ ದಾರಿ ಕಾಣದ ಮನೆಯವರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈಗ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಮುಜಾವರರು ದುವಾ ಮಾಡಿ ರೋಗಿಯನ್ನು ಅಲ್ಲೇ ಇದ್ದ ಮನೋವೈದ್ಯರ ಬಳಿಗೆ ಕಳಿಸುವ ವ್ಯವಸ್ಥೆ ಮಾಡಲಾಯಿತು. ಅದಕ್ಕೆ 'ದವಾ ಮತ್ತು ದುವಾ' ಎಂದೇ ಹೆಸರು. ನಮ್ಮ ದರ್ಗಾಗಳ, ಮಸೀದಿಗಳ ಕಮಿಟಿಯವರು ಇದನ್ನು ಗಮನಿಸಬಹುದು.

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆ ಇರುವ ನೂರು ಜನರಲ್ಲಿ ಕಾಯಿಲೆಗೆ ತಕ್ಕಂತೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರು ಕಡಿಮೆ, ನಿಜ. ನಾಚಿಕೆಯೂ ಅಷ್ಟೇ ದೊಡ್ಡ ಕಾರಣ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆ ಇದೆ. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಒಬ್ಬ ವ್ಯಕ್ತಿಯ ಗಾಯಕ್ಕೆ ಚಿಕಿತ್ಸಕರಿದ್ದಾರೆ. ಒಂದು ಇಡೀ ಪ್ರದೇಶದ ಗಾಯಕ್ಕೆ ಯಾರು? ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಹಾರುತ್ತದೆ. ಹಾರಲಿ. ರಜಾಕಾರರ ದಬ್ಬಾಳಿಕೆಯಿಂದ ಜನ ಪಾರಾದ ದಿನ ಅದು. ಆದರೆ ಗೋರ್ಟಾದ ನೋವನ್ನು ಮುಸ್ಲಿಮರು ಕೇಳಿಸಿಕೊಳ್ಳದೆ, ಬಾವಿಗೆ ಹಾರಿದ ಹೆಣ್ಣುಮಕ್ಕಳ ನೋವನ್ನು ಹಿಂದೂಗಳು ಕೇಳಿಸಿಕೊಳ್ಳದೆ ಹೋದರೆ ಎರಡೂ ನೋವುಗಳು ತಾರೀಖಿಲ್ಲದೆ ಉಳಿಯುತ್ತವೆ. ತಾರೀಖಿಲ್ಲದ ನೋವನ್ನು ಚುನಾವಣೆಯ ಹೊತ್ತಿಗೆ ಬಂದವರು ಯಾರು ಬೇಕಾದರೂ ಇಂದಿನ ನೋವು ಎಂದು ಮಾರಬಹುದು. ದೇಹ ಜೀಪಿನ ಸದ್ದಿಗೆ ಮೋಸ ಹೋದಂತೆ ಸಮಾಜವೂ ಭಾಷಣದ ಸದ್ದಿಗೆ ಮೋಸ ಹೋಗುತ್ತದೆ.

ಸುಂದರ್‌ಲಾಲ್ ವರದಿಯಲ್ಲಿ ಹೆಣಗಳ ಲೆಕ್ಕದ ನಡುವೆ ಇನ್ನೊಂದು ಸಂಗತಿಯೂ ಇದೆ. ಹಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಿದರು, ಕೆಲವರು ಅದಕ್ಕಾಗಿ ಪ್ರಾಣವನ್ನೇ ಕೊಟ್ಟರು. ಅಪಹರಣವಾದ ಮುಸ್ಲಿಂ ಹೆಣ್ಣುಮಕ್ಕಳನ್ನು ಹುಡುಕಿ ತರಲು ಅನೇಕ ಹಿಂದೂಗಳು ನೆರವಾದರು. ವರದಿ ಬಚ್ಚಿಟ್ಟಾಗ ಕೊಲೆಗಳ ಜೊತೆ ಈ ಒಳ್ಳೆಯತನವೂ ಬಚ್ಚಿಟ್ಟುಹೋಯಿತು. ಹಗ್ಗದ ಮೇಲೆ ಕಲ್ಲುಗಳನ್ನಷ್ಟೇ ಅಲ್ಲ, ಈ ಹೂವುಗಳನ್ನೂ ಇಡಬೇಕಾಗಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮೊಮ್ಮಕ್ಕಳು, ನಮ್ಮ ಕಾಲೇಜುಗಳ ಇತಿಹಾಸದ ಅಧ್ಯಾಪಕರು ಒಂದು ಸಂಜೆ ಅವರ ಪಕ್ಕ ಕುಳಿತು, ಒತ್ತಾಯ ಮಾಡದೆ, ಅವಸರ ಮಾಡದೆ, 'ಆಗ ಏನಾಯಿತು?' ಎಂದು ಕೇಳಲಿ. ಅವರು ಹೇಳದಿದ್ದರೆ ಸುಮ್ಮನೆ ಜೊತೆಗೆ ಕುಳಿತು ಚಹಾ ಕುಡಿದು ಬರಲಿ. ಹೇಳಿದರೆ ಊರು, ವರ್ಷ, ಹೆಸರು ಸಮೇತ ಬರೆದುಕೊಳ್ಳಲಿ.